ಆಮ್ಲಜನಕದ ಪಾಠ ಮತ್ತು ಒಬ್ಬ ವಲಸಿಗ

ಊರಿನ ಶಾಲೆಯಲ್ಲಿ ಕನ್ನಡದಲ್ಲಿ ವಿಜ್ಞಾನ ಓದಿದ ನಮಗೆಲ್ಲ ಆಮ್ಲಜನಕದ ಪಾಠ ನೆನಪಿದೆ. ಅದರಲ್ಲಿ ಬರುವ ಹೆಸರು ಜೋಸೆಫ್ ಪ್ರೀಸ್ಟ್ಲಿ. ಆತನೂ ನಮ್ಮಂತೆ ಹುಟ್ಟಿದ ನಾಡು ಬಿಟ್ಟು ಅಮೆರಿಕಕ್ಕೆ ಬಂದು ನೆಲೆಸಿದವನೆಂಬುದು ಬಹುಮಂದಿಗೆ ತಿಳಿದಿರಲಾರದು.

ಪ್ರೀಸ್ಟ್ಲಿ ಹುಟ್ಟಿದ್ದು 1733ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ. ತಂದೆ ಬಟ್ಟೆ ಉದ್ಯೋಗದವರು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಹುಡುಗ ಸೋದರತ್ತೆಯ ಆಶ್ರಯದಲ್ಲಿ ಬೆಳೆದ. ಮಾತು ತೊದಲುತ್ತಿದ್ದರೂ ಪಾದ್ರಿಯಾದ, ಮೇಷ್ಟರಾದ. ಲೀಡ್ಸ್ ನಗರದಲ್ಲಿ ಮನೆಯ ಪಕ್ಕದಲ್ಲೇ ಬಿಯರ್ ತಯಾರಿಸುವ ಕಾರ್ಖಾನೆಯಿತ್ತು. ಹುಳಿಯುವ ತೊಟ್ಟಿಗಳ ಮೇಲೆ ನಿಂತ ಗಾಳಿಯನ್ನು ನೀರಿನಲ್ಲಿ ಬೆರೆಸಿ ನೋಡಿದ. ಆ ಗಾಳಿಯೇ ಇಂಗಾಲದ ಡೈ ಆಕ್ಸೈಡ್. ಆ ನೀರೇ ನಾವು ಕುಡಿಯುವ ಸೋಡಾ.

1771ರಲ್ಲಿ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಮೇಣದ ಬತ್ತಿ ಉರಿದು ಆರಿಹೋದ ಮೇಲೆ, ಅದೇ ಗಾಳಿಯಲ್ಲಿ ಪುದೀನ ಗಿಡವನ್ನಿಟ್ಟ. ಹತ್ತು ದಿನಗಳ ನಂತರ ಆ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ಕೆಟ್ಟ ಗಾಳಿಯನ್ನು ಗಿಡ ಸರಿಪಡಿಸುತ್ತದೆಂದು ಹೀಗೆ ತಿಳಿಯಿತು. ಅದಕ್ಕೆ ಬಿಸಿಲೂ ಹಸಿರು ಭಾಗವೂ ಬೇಕೆಂದು 1779ರಲ್ಲಿ ತೋರಿಸಿದವನು ಇಂಗೆನ್‌ಹೌಸ್.

1774ರ ಆಗಸ್ಟ್ 1ರಂದು ಪ್ರೀಸ್ಟ್ಲಿ ದೊಡ್ಡ ಭೂತಗನ್ನಡಿಯಿಂದ ಪಾದರಸದ ಕೆಂಪು ಭಸ್ಮವನ್ನು ಕಾಯಿಸಿದ. ಹೊರಟ ಗಾಳಿಯಲ್ಲಿ ಬತ್ತಿ ಧಗಧಗನೆ ಉರಿಯಿತು. ಸ್ವೀಡನ್ನಿನ ಷೀಲೆ ಅದನ್ನು ಮೊದಲೇ ಕಂಡಿದ್ದರೂ ಪ್ರಕಟಿಸಿದ್ದು ತಡವಾಗಿ. ಆ ವರ್ಷವೇ ಪ್ಯಾರಿಸಿನಲ್ಲಿ ಪ್ರೀಸ್ಟ್ಲಿಯಿಂದ ಸುದ್ದಿ ಕೇಳಿದ ಲವಾಸಿಯೆ ಅದರ ನಿಜವಾದ ಅರ್ಥ ಬಿಡಿಸಿದ. ಎಲ್ಲ ಆಮ್ಲಗಳಲ್ಲೂ ಅದು ಇರುತ್ತದೆಂದು ಭಾವಿಸಿ, ಆಮ್ಲವನ್ನು ಹುಟ್ಟಿಸುವುದು ಎಂಬರ್ಥದ ಹೆಸರಿಟ್ಟ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೆಂದು ಆಮೇಲೆ ಗೊತ್ತಾಯಿತು. ಆದರೂ ಹೆಸರು ಉಳಿಯಿತು, ನಮ್ಮ ಆಮ್ಲಜನಕ ಪದದಲ್ಲೂ ಉಳಿದಿದೆ. ಪ್ರೀಸ್ಟ್ಲಿಯಾದರೋ ಉರಿಯುವ ವಸ್ತುವಿನಿಂದ ಫ್ಲೋಜಿಸ್ಟನ್ ಹೊರಹೋಗುತ್ತದೆಂಬ ಹಳೆಯ ನಂಬಿಕೆಯನ್ನು ಸಾಯುವತನಕ ಬಿಡಲಿಲ್ಲ.

ಧರ್ಮದಲ್ಲಿ ಭಿನ್ನಮತ, ಫ್ರೆಂಚ್ ಕ್ರಾಂತಿಯ ಬಗ್ಗೆ ಒಲವು: ಈ ಎರಡೂ ಆತನಿಗೆ ಮುಳುವಾದವು. 1791ರ ಜುಲೈನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ದೊಂಬಿಯೆದ್ದು ಆತನ ಮನೆ, ಪುಸ್ತಕಗಳು, ಪ್ರಯೋಗಶಾಲೆ ಎಲ್ಲವೂ ನಾಶವಾದವು. 1794ರಲ್ಲಿ, 61ರ ವಯಸ್ಸಿನಲ್ಲಿ, ಹೆಂಡತಿ ಮೇರಿಯೊಡನೆ ಹಡಗು ಹತ್ತಿದ. ಹಡಗು ಇನ್ನೂ ಸಮುದ್ರದಲ್ಲಿದ್ದಾಗಲೇ, ಮೇ 8ರಂದು, ಲವಾಸಿಯೆಯ ತಲೆ ಪ್ಯಾರಿಸಿನಲ್ಲಿ ಗಿಲೋಟಿನ್‌ಗೆ ಬಲಿಯಾಯಿತು.

ಫಿಲಡೆಲ್ಫಿಯಾದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ಬಂದರೂ ಒಪ್ಪದೆ, ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ನದಿಯ ದಡದ ನಾರ್ತಂಬರ್ಲೆಂಡ್ ಎಂಬ ಪುಟ್ಟ ಊರಿನಲ್ಲಿ ನೆಲೆಸಿದ. ಹೊಸ ನಾಡು ಮೊದಲು ಕೊಟ್ಟದ್ದು ದುಃಖವನ್ನೇ. 1795ರಲ್ಲಿ ಕಿರಿಯ ಮಗ ಹೆನ್ರಿ ತೀರಿಕೊಂಡ. ಕಟ್ಟಿಸುತ್ತಿದ್ದ ಮನೆ ಮುಗಿಯುವ ಮೊದಲೇ, 1796ರಲ್ಲಿ, ಮೇರಿಯೂ ಹೋದಳು. ಆದರೂ ಆ ಮನೆಯಲ್ಲಿ ಪ್ರಯೋಗಶಾಲೆ ಎದ್ದಿತು. ಕಾರ್ಬನ್ ಮಾನಾಕ್ಸೈಡ್ ಅನಿಲದ ಶೋಧ ನಡೆದದ್ದು ಅಲ್ಲಿಯೇ. 1804ರ ಫೆಬ್ರವರಿ 6ರಂದು ಅಲ್ಲಿಯೇ ಕಣ್ಣು ಮುಚ್ಚಿದ.

1874ರ ಆಗಸ್ಟ್ 1ರಂದು, ಆಮ್ಲಜನಕದ ನೂರನೆಯ ವರ್ಷಕ್ಕೆ, ಅಮೆರಿಕದ ರಸಾಯನಶಾಸ್ತ್ರಜ್ಞರು ಅದೇ ಊರಿನಲ್ಲಿ ಸೇರಿದರು. ಎರಡು ವರ್ಷಗಳಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿ ಹುಟ್ಟಿತು. ಆ ಮನೆ ಇಂದು ವಸ್ತುಸಂಗ್ರಹಾಲಯ. ಆ ಕಡೆ ಹೋದಾಗ ಮಕ್ಕಳಿಗೆ ತೋರಿಸಿ. ಅಪ್ಪ ಅಮ್ಮ ಕನ್ನಡದಲ್ಲಿ ಕಲಿತ ಪಾಠದ ಮೇಷ್ಟರು ಇದೇ ಮನೆಯವರೆಂದು ಹೇಳಿ.