ಎರಡು ಕರಡಿ, ಒಂದು ವಿಂಚೆಸ್ಟರ್ ಕೋವಿ: ಬೇಟೆಗಾರ ಕೆನೆತ್ ಆಂಡರ್ಸನ್ ಬದುಕಿನ ಕತೆ

ಹರಪನಹಳ್ಳಿ: ಕೂಡ್ಲಿಗಿ, ಗುಡೇಕೋಟೆ ಕಡೆಯಿಂದ ಕರಡಿ ದಾಳಿ ಸುದ್ದಿ ಬಂದ ದಿನ ಹೋಟೆಲು, ಕಟಿಂಗ್ ಶಾಪ್‌ಗಳಲ್ಲಿ ಒಂದು ಮಾತು ಬಂದೇ ಬರುತ್ತೆ. ಹಿಂದಿನ ಕಾಲ ಆಗಿದ್ರೆ ಯಾರಾದ್ರೂ ಕೋವಿ ತಗೊಂಡು ಹೋಗಿ ಒಂದೇ ಏಟಿಗೆ ಮುಗಿಸಿಬಿಡ್ತಿದ್ರು ಅಂತ. ಹಂಗೆ ನಿಜವಾಗಿಯೂ ಕೋವಿ ತಗೊಂಡು ಹೋಗ್ತಿದ್ದ ಮನುಷ್ಯ ಒಬ್ಬರು ನಮ್ಮ ರಾಜ್ಯದಲ್ಲೇ ಇದ್ದರು. ಬೆಂಗಳೂರಿನ ಕೆನೆತ್ ಆಂಡರ್ಸನ್. ಆದರೆ ಅವರಿಗೂ ಒಂದು ಕರಡಿ ಒಂದೇ ಏಟಿಗೆ ಸಿಗಲಿಲ್ಲ. ಮೂರು ಸಲ ಅಲೆಯಬೇಕಾಯ್ತು. ಅಷ್ಟರೊಳಗೆ ಹನ್ನೆರಡು ಜನ ಸತ್ತಿದ್ದರು.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದ್ ಹತ್ತಿರದ ಬೋಲಾರಂನಲ್ಲಿ. ಸ್ಕಾಟ್ಲೆಂಡ್ ಮೂಲದ ಕುಟುಂಬ. ಆದರೆ ತಲೆಮಾರುಗಳಿಂದ ಇಂಡಿಯಾದಲ್ಲೇ ಬೇರು ಬಿಟ್ಟವರು. ಅಪ್ಪ ಮಿಲಿಟರಿಯ ಲೆಕ್ಕಪತ್ರ ಇಲಾಖೆಯಲ್ಲಿದ್ದರು. ಕಾಡು ಸುತ್ತುವ ಹುಚ್ಚು, ಕೋವಿ ಹಿಡಿಯುವ ಹುಚ್ಚು ಎರಡೂ ಮಗನಿಗೆ ಅಪ್ಪನಿಂದಲೇ ಬಂದದ್ದು. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಆಮೇಲೆ ಸೇಂಟ್ ಜೋಸೆಫ್ ಕಾಲೇಜು. ಮಗ ವಕೀಲನಾಗಲಿ ಅಂತ ಮನೆಯವರು ಎಡಿನ್‌ಬರೋಗೆ ಕಳಿಸಿದರು. ಹುಡುಗ ಓದನ್ನು ಅರ್ಧಕ್ಕೆ ಬಿಟ್ಟು ವಾಪಸ್ ಬಂದ. ಅಲ್ಲೇ ಕೂತು ಕಾನೂನು ಓದಿದ್ದರೆ ಒಬ್ಬ ವಕೀಲ ಜಾಸ್ತಿ ಆಗುತ್ತಿದ್ದ, ಅಷ್ಟೇ. ನಮಗೆ ಈ ಕತೆಗಳು ಸಿಗುತ್ತಿರಲಿಲ್ಲ.

ವಾಪಸ್ ಬಂದವರು ಅಂಚೆ ತಂತಿ ಇಲಾಖೆಯಲ್ಲಿ ಹದಿನೈದು ವರ್ಷ ಕೆಲಸ ಮಾಡಿದರು. ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆ, ಅಂದ್ರೆ ಈಗಿನ ಎಚ್‌ಎಎಲ್ ಸೇರಿ ಪ್ಲಾನಿಂಗ್ ವಿಭಾಗದ ಮ್ಯಾನೇಜರ್ ಆದರು. ಇದನ್ನು ಗಮನಿಸಬೇಕು. ಆಂಡರ್ಸನ್ ಮಹಾರಾಜರೂ ಅಲ್ಲ, ಕಾಫಿ ತೋಟದ ಸಾಹುಕಾರರೂ ಅಲ್ಲ. ಸಂಬಳಕ್ಕೆ ದುಡಿಯುವ ನೌಕರ. ರಜಾ ಹಾಕಿ, ತಮ್ಮ ಕಾರಿಗೆ ತಾವೇ ಪೆಟ್ರೋಲ್ ಹಾಕಿಸಿಕೊಂಡು ಕಾಡಿಗೆ ಹೋಗುತ್ತಿದ್ದವರು.

ಅವರ ಕೋವಿ ಕೂಡ ಹಂಗೇ ಇತ್ತು. ರಾಜರು, ದೊಡ್ಡ ಇಂಗ್ಲಿಷ್ ಅಧಿಕಾರಿಗಳು ಇಂಗ್ಲೆಂಡಿನಲ್ಲಿ ಕೈಯಲ್ಲಿ ಮಾಡಿಸಿದ ಜೋಡುನಳಿಗೆ ರೈಫಲ್ ಹಿಡಿಯುತ್ತಿದ್ದರು. ಒಂದೊಂದರ ಬೆಲೆ ಕೇಳಿದರೆ ಸಾಮಾನ್ಯರು ಹಿಂದೆ ಸರಿಯಬೇಕು. ಆಂಡರ್ಸನ್ ಕೈಯಲ್ಲಿ ಇದ್ದದ್ದು ಅಮೆರಿಕದ ವಿಂಚೆಸ್ಟರ್ ಕಂಪನಿ ಫ್ಯಾಕ್ಟರಿಯಲ್ಲಿ ಸಾವಿರಗಟ್ಟಲೆ ತಯಾರಾದ 1895ರ ಮಾದರಿ, .405 ಬೋರಿನದು. ಜಾನ್ ಬ್ರೌನಿಂಗ್ ಅನ್ನುವವರು ರೂಪಿಸಿದ ಕೋವಿ ಅದು. ಕುದುರೆಯ ಲಗಾಮಿಗೆ ಹೆಸರಾದ ಅಮೆರಿಕದ ಸಿನಿಮಾಗಳಲ್ಲಿ ಹೀರೋ ಕೋವಿಯ ಹೊಟ್ಟೆ ಕೆಳಗಿನ ಕಬ್ಬಿಣದ ಬಳೆಯನ್ನು ಟಕ್ ಅಂತ ಕೆಳಗೆ ತಳ್ಳಿ ಮೇಲೆ ಎಳೆಯುತ್ತಾನಲ್ಲ, ಅದೇ ಜಾತಿಯದು. ಬಳೆ ಕೆಳಗೆ ಹೋದಾಗ ಖಾಲಿ ತೋಟಾ ಹೊರಗೆ ಹಾರುತ್ತೆ, ಮೇಲೆ ಬಂದಾಗ ಹೊಸ ತೋಟಾ ನಳಿಗೆಗೆ ಕೂರುತ್ತೆ. ಹಳೇ ಲಿವರ್ ಕೋವಿಗಳಲ್ಲಿ ತೋಟಾಗಳನ್ನು ನಳಿಗೆ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ತುಂಬುತ್ತಿದ್ದರು. ಚೂಪು ಮೂತಿಯ ಗುಂಡು ಹಾಕಿದರೆ ಹಿಂದಿನದರ ತುದಿ ಮುಂದಿನದರ ಬುಡಕ್ಕೆ ಕುಟ್ಟಿ ಒಳಗೇ ಸಿಡಿಯುವ ಭಯ. 1895ರ ಮಾದರಿಯಲ್ಲಿ ಕೆಳಗೆ ಪೆಟ್ಟಿಗೆ ಕೊಟ್ಟು, ತೋಟಾ ಒಂದರ ಮೇಲೊಂದು ಕೂರುವಂತೆ ಮಾಡಿದರು. ಹಾಗಾಗಿ ಹೆಚ್ಚು ಬಲದ ಮದ್ದು, ದೊಡ್ಡ ಗುಂಡು ಎರಡೂ ಸಾಧ್ಯವಾಯ್ತು.

.405ರ ಒಂದು ಗುಂಡು 300 ಗ್ರೇನ್, ನಮ್ಮ ತೂಕದಲ್ಲಿ 19 ಗ್ರಾಂ ಮೇಲೆ. ಹೆಚ್ಚುಕಮ್ಮಿ ಎರಡು ತೊಲ ಬಂಗಾರಕ್ಕೆ ಸ್ವಲ್ಪವೇ ಕಡಿಮೆ ಅಂತ ಅಂಗಡಿಯವರು ಲೆಕ್ಕ ಹಾಕಿಕೊಳ್ಳಬಹುದು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಸಿಂಹದ ಬೇಟೆಗೆ ಹೊತ್ತೊಯ್ದದ್ದೂ ಇದೇ ಕೋವಿ. ಅಮೆರಿಕದಲ್ಲಿ ಲಿವರ್ ಕೋವಿ ಅಂದ್ರೆ ಇವತ್ತಿಗೂ ಜಿಂಕೆ ಬೇಟೆಯ ಕೋವಿ. ಲೈಸೆನ್ಸ್ ತಗೊಂಡು, ಸೀಸನ್ ನೋಡಿಕೊಂಡು ಹೋಗುತ್ತಾರೆ. ಆದರೆ .405 ಗುಂಡು ನಮ್ಮ ಚಿಗರಿ ಗಾತ್ರದ ಪ್ರಾಣಿಗೆ ವಿಪರೀತ ಆಯ್ತು. ಹುಲಿ, ಕಾಟಿ, ಕರಡಿಗೆ ಸರಿಯಾದದ್ದು ಅದು.

ಆಂಡರ್ಸನ್ ಜಿಂಕೆ ಹೊಡೆದೇ ಇಲ್ಲ ಅಂತಲ್ಲ. ಆ ಕಾಲದ ಎಲ್ಲ ಶಿಕಾರಿಗಳ ಹಾಗೆ ಹರೆಯದಲ್ಲಿ ಬೇಟೆಯ ಹುಚ್ಚಿನಲ್ಲೇ ಬೆಳೆದವರು. ಆದರೆ ವಯಸ್ಸಾಗುತ್ತ ಸುಮ್ಮನೆ ಕೊಲ್ಲುವುದು ಸಾಕಾಯ್ತು. ಮನುಷ್ಯನನ್ನು ಕೊಂದ ಪ್ರಾಣಿಗೆ ಮಾತ್ರ ಕೋವಿ ಎತ್ತಬೇಕು ಅನ್ನುವ ಕಡೆಗೆ ಬಂದರು. ರಾತ್ರಿ ಹೊತ್ತು ಜೀಪು, ಕಾರಿನ ಹೆಡ್‌ಲೈಟ್ ಬಿಟ್ಟು, ಬೆಳಕಿಗೆ ಕಣ್ಣು ಕೋರೈಸಿ ನಿಂತ ಜಿಂಕೆಗಳನ್ನು ಗಂಡು ಹೆಣ್ಣು ಮರಿ ಅನ್ನದೆ ಹೊಡೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕಾಡು ಖಾಲಿ ಆಗುತ್ತಿರುವುದು ಹಿಂಗೇ ಅಂತ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರೆದರು. ಜಿಂಕೆ, ಹಂದಿ ಖಾಲಿಯಾದರೆ ಹುಲಿ ಚಿರತೆ ಊರ ದನಕ್ಕೆ ಬರುತ್ತೆ. ದನ ಹೋದ ಸಿಟ್ಟಿಗೆ ನಾಡಬಂದೂಕಿನಿಂದ ಹೊಡೆದರೆ ಪ್ರಾಣಿ ಸಾಯದೆ ಗಾಯಗೊಂಡು ಉಳಿಯುತ್ತೆ. ಕುಂಟುವ ಹುಲಿಗೆ ಓಡುವ ಜಿಂಕೆ ಸಿಗಲ್ಲ. ಎರಡು ಕಾಲಿನದು ಸಲೀಸು. ನರಭಕ್ಷಕ ತಯಾರಾಗುವ ದಾರಿ ಇದು.

ಸರ್ಕಾರಿ ಲೆಕ್ಕ ಅಂತ ಹೇಳುವ ಪ್ರಕಾರ 1939ರಿಂದ 1966ರೊಳಗೆ ಆಂಡರ್ಸನ್ ಹೊಡೆದದ್ದು 7 ನರಭಕ್ಷಕ ಹುಲಿ, 8 ನರಭಕ್ಷಕ ಚಿರತೆ. ಅದಕ್ಕಿಂತ ಜಾಸ್ತಿ ಅನ್ನುವವರೂ ಇದ್ದಾರೆ. ನಮ್ಮ ಕಡೆಯವರಿಗೆ ಹತ್ತಿರದ್ದು ಹೊಸದುರ್ಗ-ಹೊಳಲ್ಕೆರೆ ನಡುವಿನ ನರಭಕ್ಷಕ ಹುಲಿಯ ಕತೆ. ದಾವಣಗೆರೆ ದಾಟಿ ಮುಂದಿನ ಸೀಮೆ. ಈಗ ಅಡಿಕೆ, ತೆಂಗು ಇರುವ ಜಾಗದಲ್ಲಿ ಹುಲಿ ಅಂದ್ರೆ ಮಕ್ಕಳು ನಂಬಲ್ಲ. ಕಡೂರು ಕಡೆಯ ಎಮ್ಮೆದೊಡ್ಡಿ, ಶಿವಮೊಗ್ಗದ ಚೋರಡಿ, ತುಮಕೂರಿನ ದೇವರಾಯನದುರ್ಗ, ಬೆಂಗಳೂರಿನ ಪಕ್ಕದ ಜಾಲಹಳ್ಳಿ ಎಲ್ಲವೂ ಅವರ ಕತೆಗಳಲ್ಲಿವೆ. ಚಿರತೆ ಅಡಗಿದ್ದ ಜಾಲಹಳ್ಳಿಗೆ ಈಗ ಮೆಟ್ರೋ ಹೋಗುತ್ತೆ. ಗಡಿಯಾಚೆಯ ಗುಮ್ಮಳಾಪುರದ ಒಂದು ಚಿರತೆಯಂತೂ 42 ಜನರನ್ನು ತಿಂದಿತ್ತು ಅಂತ ಅವರ ಲೆಕ್ಕ.

ಈ ಕತೆಗಳೆಲ್ಲ ಅಕ್ಷರಕ್ಕೆ ಅಕ್ಷರ ನಿಜವಾ ಅಂತ ಓದುಗರಲ್ಲಿ ಜಗಳ ಇದೆ. ಸ್ವಲ್ಪ ಮಸಾಲೆ ಬಿದ್ದಿರಬಹುದು, ಬೇಟೆಗಾರನ ಬಾಯಿ ಅಂದಮೇಲೆ ಅದು ಇದ್ದದ್ದೇ. ಆದರೆ ಊರು, ಹಳ್ಳ, ರೈಲ್ವೆ ಸ್ಟೇಷನ್, ಫಾರೆಸ್ಟ್ ಬಂಗಲೆಯ ಹೆಸರು ಹಿಡಿದು ಇವತ್ತಿಗೂ ಬಸ್ಸು ಹತ್ತಬಹುದು. ಕೂಲಿಯವರು, ದನ ಕಾಯುವವರು, ಪೂಜಾರಿ ಬುಡಕಟ್ಟಿನ ಬೈರನಂಥವರು ಆ ಪುಸ್ತಕಗಳಲ್ಲಿ ಹೆಸರು, ಸ್ವಭಾವ ಸಮೇತ ಬರುತ್ತಾರೆ. ಬೈರ ಕಳ್ಳಬೇಟೆ ಆಡಿ ಹೊಟ್ಟೆ ಹೊರೆಯುತ್ತಿದ್ದವನು. ಕಾನೂನಿನ ಲೆಕ್ಕದಲ್ಲಿ ಅವನು ಅಪರಾಧಿ. ಆಂಡರ್ಸನ್‌ಗೆ ಅವನೇ ಗುರು, ಅವನೇ ಗೆಳೆಯ. ಕಾಡಿನ ಹೆಜ್ಜೆ ಓದುವುದನ್ನು ಅಂಥವರಿಂದಲೇ ಕಲಿತೆ ಅಂತ ಬರೆದುಕೊಳ್ಳಲು ಅವರಿಗೆ ನಾಚಿಕೆ ಇರಲಿಲ್ಲ.

ಈಗ ಕರಡಿ ವಿಷಯ. ಅರಸೀಕೆರೆ ಹತ್ತಿರದ ನಾಗವಾರ ಗುಡ್ಡಗಳಲ್ಲಿ ಒಂದು ಕರಡಿ ಜನರ ಮೇಲೆ ಬೀಳಲು ಶುರು ಮಾಡಿತು. ಕರಡಿ ಮನುಷ್ಯನನ್ನು ತಿನ್ನಲು ಬರುವುದು ಬಹಳ ಅಪರೂಪ. ಗೆದ್ದಲು, ಜೇನು, ಹಣ್ಣು ಅದರ ಊಟ. ಎದುರಿಗೆ ಸಡನ್ನಾಗಿ ಸಿಕ್ಕಾಗ ಗಾಬರಿಗೆ ಬಿದ್ದು ಮುಖಕ್ಕೇ ಉಗುರು ಹಾಕುತ್ತೆ. ಕಣ್ಣು, ಮೂಗು ಹೋದವರು ಬದುಕಿದರೂ ಬದುಕಿದ ಹಾಗಲ್ಲ, ಕೂಡ್ಲಿಗಿ ಕಡೆಯ ಜನಕ್ಕೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ನಾಗವಾರದ ಕರಡಿ ಹುಡುಕಿಕೊಂಡು ಬಂದು ಹೊಡೆಯುತ್ತಿತ್ತು. ಅದರ ಮರಿಗಳನ್ನು ಯಾರೋ ಕೊಂದಿದ್ದಕ್ಕೆ ಹಗೆ ಅಂತ ಕೆಲವರು, ಹಳೇ ಗಾಯದ ಸಿಟ್ಟು ಅಂತ ಕೆಲವರು ಹೇಳುತ್ತಿದ್ದರು. ಸತ್ತವರು 12 ಜನ, ಗಾಯಗೊಂಡವರು ಸುಮಾರು ಎರಡು ಡಜನ್.

ಗುಡ್ಡದಲ್ಲಿ ಒಂದು ದರ್ಗಾ. ಅದನ್ನು ನೋಡಿಕೊಳ್ಳುತ್ತಿದ್ದ ಆಲಂ ಬಕ್ಷ್ ಆಂಡರ್ಸನ್‌ಗೆ ಹಳೇ ಗೆಳೆಯ. ಅತ್ತಿ ಹಣ್ಣಿನ ಕಾಲ. ರಾತ್ರಿ ಹೊರಗೆ ಬಂದ ಅವರ ಹರೆಯದ ಮಗ ಹಣ್ಣು ತಿನ್ನಲು ಬಂದಿದ್ದ ಕರಡಿಗೆ ಎದುರಾದ. ಉಳಿಯಲಿಲ್ಲ. ಸುದ್ದಿ ಮುಟ್ಟಿದ ಮೇಲೆ ಆಂಡರ್ಸನ್ ಹೊರಟರು. ಕರಡಿ ತಾನೇ, ಹುಲಿಯಂಥ ಚಾಲಾಕಿ ಅಲ್ಲ, ಬೇಗ ಮುಗಿಸಿ ಬರಬಹುದು ಅಂದುಕೊಂಡು ಬಂದವರಿಗೆ ಮೊದಲ ಸಲ ಅದರ ಸುಳಿವೂ ಸಿಗಲಿಲ್ಲ. ಕರಡಿ ಸಖರಾಯಪಟ್ಟಣದ ಕಡೆಗೆ ಜಾಗ ಬದಲಿಸಿತು. ಅಲ್ಲಿ ಸೌದೆ ಕಡಿಯುವವರ ಮೇಲೆ ಬಿತ್ತು. ಎರಡನೇ ಸಲವೂ ಬರಿಗೈ. ಮೂರನೇ ಸಲ ಹೋದಾಗಲೇ ಎದೆಗೆ ಗುಂಡು ಬಿದ್ದು ಸತ್ತಿದ್ದು. ಪ್ರತಿ ಸಲದ ನಡುವೆ ಇನ್ನಷ್ಟು ಮನೆಗಳಿಗೆ ಕತ್ತಲು ಕವಿಯಿತು. ಕೋವಿ ಇದ್ದರೆ ಸಾಕು ಅನ್ನುವವರು ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ಇನ್ನೊಂದು ಕರಡಿ ಬ್ರೂನೋ. ಎನ್‌ಸಿಇಆರ್‌ಟಿಯ 9ನೇ ತರಗತಿ ಇಂಗ್ಲಿಷ್ ಪುಸ್ತಕದಲ್ಲಿ ವರ್ಷಗಟ್ಟಲೆ ಮಕ್ಕಳು ಓದಿದ ಪಾಠ ಇದು. ಬರೆದವರು ಆಂಡರ್ಸನ್ ಅಂತ ಪರೀಕ್ಷೆ ಮುಗಿದ ಮೇಲೆ ಹೆಚ್ಚಿನವರು ಮರೆತಿರುತ್ತಾರೆ. ಮೈಸೂರು ಹತ್ತಿರದ ಕಬ್ಬಿನ ಗದ್ದೆಯಲ್ಲಿ ಹಂದಿ ಓಡಿಸುತ್ತಿದ್ದಾಗ ಬಿಸಿಲಿಗೆ ಏದುಸಿರು ಬಿಡುತ್ತ ಒಂದು ತಾಯಿ ಕರಡಿ ಹೊರಗೆ ಬಂತು. ಜೊತೆಗಿದ್ದವರಲ್ಲಿ ಒಬ್ಬರು ಯಾವ ಕಾರಣವೂ ಇಲ್ಲದೆ ಹೊಡೆದುಬಿಟ್ಟರು. ಹತ್ತಿರ ಹೋಗಿ ನೋಡಿದರೆ ಬೆನ್ನ ಮೇಲೆ ಮರಿ. ಸತ್ತ ತಾಯಿಯ ಸುತ್ತ ಕುಂಯ್‌ಗುಟ್ಟುತ್ತ ಓಡುತ್ತಿತ್ತು. ಆಂಡರ್ಸನ್ ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬೆಂಗಳೂರಿಗೆ ತಂದು ಹೆಂಡತಿಗೆ ಕೊಟ್ಟರು.

ಮನೆಯಲ್ಲಿ ಅದು ತಿನ್ನದ ವಸ್ತು ಇರಲಿಲ್ಲ. ಗಂಜಿ, ಅನ್ನ, ಮಾಂಸ, ಟೀ, ಕಾಫಿ ಎಲ್ಲ ನಡೆಯುತ್ತಿತ್ತು. ಒಮ್ಮೆ ಇಲಿಗೆ ಇಟ್ಟ ಪಾಷಾಣ ತಿಂದು ಕೈಕಾಲು ಸೋತು ಬಿದ್ದಾಗ ದನದ ಡಾಕ್ಟರ ಹತ್ತಿರ ಓಡಿ ಇಂಜೆಕ್ಷನ್ ಹಾಕಿಸಿ ಉಳಿಸಿಕೊಂಡರು. ಇನ್ನೊಮ್ಮೆ ಗಾಡಿಯಿಂದ ತೆಗೆದಿಟ್ಟಿದ್ದ ಹಳೇ ಇಂಜಿನ್ ಆಯಿಲ್ ಕುಡಿಯಿತು. ಅದಕ್ಕೆ ಏನೂ ಆಗಲಿಲ್ಲ. ಕೋಲು ಕೊಟ್ಟು ಕೋವಿ ಹಿಡಿ ಅಂದರೆ ಕೋವಿಯಂತೆ ಹಿಡಿದು ಗುರಿ ಇಡುತ್ತಿತ್ತು. ನೋಡಿದವರು ನಗುತ್ತಿದ್ದರು. ಅದರ ಅವ್ವ ಸತ್ತದ್ದು ಹೆಂಗೆ ಅಂತ ಗೊತ್ತಿದ್ದ ಮನೆಯವರಿಗೆ ಆ ನಗು ಪೂರ್ತಿ ಬಂತೋ ಇಲ್ಲವೋ.

ದೊಡ್ಡದಾದ ಮೇಲೆ ಕಟ್ಟಿ ಹಾಕಿಡಬೇಕಾಯ್ತು. ಅಷ್ಟೊತ್ತಿಗೆ ಹೆಸರು ಬದಲಾಗಿ ಬಾಬಾ ಆಗಿತ್ತು. ಮನಸ್ಸು ಗಟ್ಟಿ ಮಾಡಿ ಮೈಸೂರು ಮೃಗಾಲಯಕ್ಕೆ ಕಳಿಸಿದರು. ಅದು ಅಲ್ಲಿ ಊಟ ಬಿಟ್ಟಿತು. ಇಲ್ಲಿ ಯಜಮಾನ್ತಿಯೂ ಕೊರಗಿದರು. ಮೂರು ತಿಂಗಳ ಮೇಲೆ ನೋಡಲು ಹೋದಾಗ ಬಾಬಾ ದೂರದಿಂದಲೇ ಗುರುತು ಹಿಡಿದು ಕೂಗಿಕೊಂಡಿತು. ಅಧಿಕಾರಿಗಳ ಒಪ್ಪಿಗೆ ಪಡೆದು, ಸಣ್ಣ ಬೋನನ್ನು ಕಾರಿನ ಮೇಲೆ ಏರಿಸಿ ವಾಪಸ್ ತಂದರು. ಮನೆ ಅಂಗಳದಲ್ಲಿ 20 ಅಡಿ ಉದ್ದ, 15 ಅಡಿ ಅಗಲದ ದ್ವೀಪ, ಸುತ್ತ 6 ಅಡಿ ಅಗಲ, 7 ಅಡಿ ಆಳದ ಒಣ ಕಂದಕ ಮಾಡಿಸಿ ಅದರಲ್ಲಿ ಬಿಟ್ಟರು. ಹೆಂಡತಿ ಮಾವಿನ ಕೊಂಬೆಗೆ ಕಟ್ಟಿದ ಹಗ್ಗ ಹಿಡಿದು ಕಂದಕದ ಮೇಲೆ ತೂಗಿಕೊಂಡು ಆ ಕಡೆ ಹೋಗುತ್ತಿದ್ದರು, ಗಂಟೆಗಟ್ಟಲೆ ಕರಡಿ ಜೊತೆ ಕೂರುತ್ತಿದ್ದರು. ಇವತ್ತು ಹಿಂಗೆ ಕರಡಿ ಸಾಕಿದರೆ ಜೈಲು ಗ್ಯಾರಂಟಿ, ಯಾರೂ ಪ್ರಯತ್ನಿಸಬೇಡಿ.

1947ರಲ್ಲಿ ಬಿಳಿಯರು ಗಂಟುಮೂಟೆ ಕಟ್ಟಿದರು. ಉತ್ತರದ ಹೆಸರಾಂತ ಬೇಟೆಗಾರ ಜಿಮ್ ಕಾರ್ಬೆಟ್ ಕೂಡ ಕೀನ್ಯಾಕ್ಕೆ ಹೋಗಿ 1955ರಲ್ಲಿ ಅಲ್ಲೇ ತೀರಿಕೊಂಡರು. ಆಂಡರ್ಸನ್ ಬೆಂಗಳೂರು ಬಿಡಲಿಲ್ಲ. 1954ರಲ್ಲಿ ಒಂಬತ್ತು ನರಭಕ್ಷಕಗಳು ಮತ್ತು ಒಂದು ಪುಂಡಾನೆಯ ಕುರಿತ ಮೊದಲ ಪುಸ್ತಕ ಬಂತು. ಆಮೇಲೆ ಎರಡು ಮೂರು ವರ್ಷಕ್ಕೊಂದರಂತೆ ಬರೆಯುತ್ತಲೇ ಹೋದರು. ಕನ್ನಡಕ್ಕೆ ಇವನ್ನು ತಂದವರು ಪೂರ್ಣಚಂದ್ರ ತೇಜಸ್ವಿ. ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ, ಜಾಲಹಳ್ಳಿಯ ಕುರ್ಕ, ಮುನಿಶಾಮಿ ಮತ್ತು ಮಾಗಡಿ ಚಿರತೆ, ಹೀಗೆ ನಾಲ್ಕು ಭಾಗ. ನಮ್ಮ ತಾಲ್ಲೂಕಿನಲ್ಲಿ ಆಂಡರ್ಸನ್ ಹೆಸರು ಬಲ್ಲವರು ಬಹುತೇಕ ಈ ಪುಸ್ತಕಗಳಿಂದಲೇ ಬಲ್ಲವರು. ತೇಜಸ್ವಿ ಸಾಲು ಸಾಲು ಅನುವಾದಿಸದೆ ತಮ್ಮದೇ ಧಾಟಿಯಲ್ಲಿ ಹೇಳಿದ್ದರಿಂದ ಸಾಹೇಬರು ಮೂಡಿಗೆರೆಯವರೇ ಇರಬೇಕು ಅನ್ನಿಸುತ್ತೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಶಿಕಾರಿ ಲೈಸೆನ್ಸಿನ ಕಾಲ ಮುಗಿಯಿತು. ಕೃಷ್ಣಮೃಗ, ಕರಡಿ ಎರಡೂ ಒಂದನೇ ಶೆಡ್ಯೂಲಿನಲ್ಲಿವೆ. ಹೊಡೆದು ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಮನುಷ್ಯರಿಗೆ ಅಪಾಯ ಆಗಿರುವ ಇಂಥ ಪ್ರಾಣಿಯನ್ನು ಕೊಲ್ಲಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆದೇಶ ಕೊಡಬೇಕು. ನಮ್ಮ ಹೊಲಗಳಲ್ಲಿ ಮೆಕ್ಕೆಜೋಳ, ಶೇಂಗಾ ಕಾಯಲು ಲೈಸೆನ್ಸ್ ಕೋವಿ ಇಟ್ಟುಕೊಂಡವರೂ ಎಲೆಕ್ಷನ್ ಬಂದಾಗ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ, ಮುಗಿದ ಮೇಲೆ ರಸೀದಿ ತೋರಿಸಿ ತರುತ್ತಾರೆ. ಚಿಗರಿ ಹಿಂಡು ಬಂದರೆ ಪಟಾಕಿಯೇ ಗತಿ.

ಆಂಡರ್ಸನ್ 1974ರ ಆಗಸ್ಟ್ 30ರಂದು ಕ್ಯಾನ್ಸರ್‌ನಿಂದ ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಸು 64. ಕೊನೆಯ ಪುಸ್ತಕಗಳಲ್ಲಿ ಒಂದು ಅವರು ಹೋದ ಮೇಲೆ ಅಚ್ಚಾಯಿತು. ಅದೇ 1974ರಲ್ಲಿ ತುಂಗಭದ್ರೆಯ ಆಚೆ ದಡದ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ಅಭಯಾರಣ್ಯ ಶುರುವಾಯಿತು. ದರೋಜಿ ಕರಡಿಧಾಮಕ್ಕೆ ಇನ್ನೂ 20 ವರ್ಷ, ಗುಡೇಕೋಟೆಯದಕ್ಕೆ 39 ವರ್ಷ ಬಾಕಿ ಇತ್ತು.