ಸೊನ್ನಲಿಗೆಯ ನಡುಗಡ್ಡೆ

ಮಹಾರಾಷ್ಟ್ರದ ಸೊಲ್ಲಾಪುರ ಪಟ್ಟಣದ ನಡುವೆ, ಬಹಮನಿ ಸುಲ್ತಾನರ ಕಾಲದ ಕೋಟೆಯ ಮಗ್ಗುಲಿಗೇ ಒಂದು ಕೆರೆಯುಂಟು. ಆ ಕೆರೆಯ ನೀರಿನ ಮಧ್ಯದಲ್ಲಿ ಸಿದ್ಧೇಶ್ವರನ ಗುಡಿಯನ್ನು ಹೊತ್ತು ನಿಂತಿರುವ ಪುಟ್ಟ ನಡುಗಡ್ಡೆಯೊಂದನ್ನು, ಪರದೇಶದಲ್ಲಿ ಬೆಳೆಯುತ್ತಿರುವ ಮಕ್ಕಳಾದ ನಿಮಗೆ ತೋರಿಸಬೇಕೆಂಬುದು ಈ ಲೇಖನದ ಉದ್ದೇಶ. ಕಡಲ ದ್ವೀಪಗಳನ್ನು ಪ್ರಕೃತಿಯು ನಿರ್ಮಿಸಿತು. ಇದನ್ನು ನಿರ್ಮಿಸಿದುದು ಗುದ್ದಲಿ.

ಹನ್ನೆರಡನೆಯ ಶತಮಾನದಲ್ಲಿ ಈ ಊರಿಗೆ ಸೊನ್ನಲಿಗೆಯೆಂದು ಹೆಸರು. ಮುದ್ದಗೌಡ, ಸುಗ್ಗವ್ವೆಯರ ಮಗನಾದ ಸಿದ್ಧರಾಮನು ದನ ಕಾಯುತ್ತಿದ್ದ ಬಾಲ್ಯಕಾಲದಲ್ಲಿ ಶ್ರೀಶೈಲದ ಮಲ್ಲಿಕಾರ್ಜುನನೇ ಜಂಗಮವೇಷದಿಂದ ಬಂದು ಎಳೆಯ ತೆನೆಯನ್ನು ಬೇಡಿ ತಿಂದನೆಂದೂ, ಬಳಿಕ ಮೊಸರನ್ನ ಬೇಕೆನಲು ಹುಡುಗನು ಮನೆಗೆ ಓಡಿ ತರುವಷ್ಟರಲ್ಲಿ ಮಾಯವಾದನೆಂದೂ, ಅವನನ್ನು ಕೂಗಿ ಕರೆಯುತ್ತ ಹುಡುಗನು ಶ್ರೀಶೈಲದವರೆಗೂ ಹೋದನೆಂದೂ ಕಥೆಯಿದೆ. ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಈ ಚರಿತೆಯನ್ನು ಕಾವ್ಯವಾಗಿಸಿದ್ದಾನೆ. ಅಲ್ಲಿಂದ ಮರಳಿದ ಸಿದ್ಧರಾಮನು ಕೆರೆಯನ್ನು ಅಗೆಸಿದನು, ಗುಡಿಯನ್ನು ಕಟ್ಟಿಸಿದನು, ಊರ ಸುತ್ತಲೂ 68 ಲಿಂಗಗಳನ್ನು ಸ್ಥಾಪಿಸಿದನು ಎಂಬುದು ಪರಂಪರೆಯ ಮಾತು. ಕೆರೆಯ ಕೆಲಸ ನಡೆದಿರುವಾಗ ವಚನಕಾರನಾದ ಅಲ್ಲಮಪ್ರಭುವು ಬಂದು, ಹೊರಗಿನ ಈ ಸಂಭ್ರಮವೇಕೆಂದು ಕೆಣಕಿ, ಕಡೆಗೆ ಸಿದ್ಧರಾಮನನ್ನು ಶರಣರ ಊರಾದ ಕಲ್ಯಾಣಕ್ಕೆ ಕರೆದೊಯ್ದನೆಂದು ‘ಶೂನ್ಯಸಂಪಾದನೆ’ ಎಂಬ ಗ್ರಂಥವು ಹೇಳುತ್ತದೆ. ಅಲ್ಲಮನ ಜ್ಞಾನಕ್ಕೆ ತಲೆಬಾಗುತ್ತಲೇ, ಮಳೆಗೆ ಮೊಗವೆತ್ತಿ ಕಾಯುವ ಈ ನಾಡಿನಲ್ಲಿ ಕೆರೆಯೇನೂ ಸಣ್ಣ ಸಾಧನೆಯಲ್ಲವೆಂದು ನಾನು ಸಿದ್ಧರಾಮನ ಪಕ್ಷವನ್ನೇ ವಹಿಸುವೆನು; ಕಲ್ಲುಮಣ್ಣಿನ ಕಾಯಕದ ಭೋವಿ ಜನರು ಇಂದಿಗೂ ಅವನನ್ನು ಗುರುವೆಂದು ಪೂಜಿಸುವುದು ನನ್ನ ಪಕ್ಷಕ್ಕೊಂದು ಬಲ. ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬ ಅಂಕಿತದಿಂದ ವಚನಗಳನ್ನು ರಚಿಸಿದ ಆತನ ಸಮಾಧಿಯು ನಡುಗಡ್ಡೆಯ ಗುಡಿಯ ಅಂಗಳದಲ್ಲಿಯೇ ಇದೆ. ಇದೇ ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಶಾಲೆಯಲ್ಲಿ ಕಲಿತುದು ಮರಾಠಿಯನ್ನಾದರೂ ಸಿದ್ಧರಾಮನ ಪುರಾಣವನ್ನು ಕನ್ನಡದಲ್ಲಿ ಬರೆದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರೇ.

ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು, ಅಂದರೆ ಬಹಳ ಎತ್ತರದ ನಂದಿಕೋಲುಗಳು, ಬೀದಿಗಿಳಿಯುತ್ತವೆ. ಸಿದ್ಧರಾಮನನ್ನೇ ವರಿಸುವೆನೆಂದು ಹಟ ಹಿಡಿದ ಕುಂಬಾರರ ಕನ್ಯೆಗೆ, ವಿರಕ್ತನಾದ ಆತನು ತನ್ನ ಯೋಗದಂಡವನ್ನು ಮದುವೆಯಾಗೆಂದು ಸಮ್ಮತಿಯಿತ್ತನಂತೆ; ಆ ವಿವಾಹವನ್ನು ಊರೇ ಬೀಗರಾಗಿ ಪ್ರತಿವರ್ಷವೂ ಅಕ್ಷತೆ ಹಾಕಿ ನೆರವೇರಿಸುತ್ತದೆ.

ಕೆರೆಯ ಮೀನು, ಬೆಳ್ಳಕ್ಕಿಗಳನ್ನು ನೋಡಿ ತೃಪ್ತರಾಗದವರು ಪಟ್ಟಣದ ಉತ್ತರಕ್ಕೆ ನಾನ್ನಜದ ಹುಲ್ಲುಗಾವಲಿಗೆ ಹೋಗಬೇಕು. ಎರೆಭೂತವೆಂಬ ಭಾರಿ ಹಕ್ಕಿಯ ರಕ್ಷಣೆಗಾಗಿ 1979ರಲ್ಲಿ ಸ್ಥಾಪಿತವಾದ ಅಭಯಾರಣ್ಯಕ್ಕೆ ಅದು ಸೇರಿದೆ. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಆ ಪಕ್ಷಿಯು ಇಂದು ಅತಿವಿರಳವಾಗಿರುವುದರಿಂದ ಅದರ ದರ್ಶನವನ್ನು ನಿಮಗೆ ವಾಗ್ದಾನ ಮಾಡಲಾರೆನು. ಕೃಷ್ಣಮೃಗಗಳ ಹಿಂಡು ಕಾಣಸಿಗುವುದು. ತೋಳವು ಕಂಡರೆ ಅದೃಷ್ಟ.

ಊಟದ ವಿಷಯದಲ್ಲಿ ನನಗೆ ಸಂಯಮ ಕಡಿಮೆ. ಮಳೆಗಾಲ ಹಿಂದೆಗೆದ ಮೇಲೆ, ಎರೆಮಣ್ಣು ಹಿಡಿದಿಟ್ಟುಕೊಂಡ ತೇವವನ್ನೇ ನಂಬಿ ಬೆಳೆಯುವ ಹಿಂಗಾರಿ ಜೋಳವು ಸಂಕ್ರಾಂತಿಯ ಸುಮಾರಿಗೆ ಹಾಲುಗಾಳಾಗುತ್ತದೆ. ಆಗ ಹೊಲದಲ್ಲಿಯೇ ಕೆಂಡದ ಮೇಲೆ ತೆನೆಯನ್ನು ಸುಟ್ಟು, ಅಂಗೈಯಲ್ಲಿ ಉಜ್ಜಿ ತಿನ್ನುವ ಬಿಸಿ ಸೀತೆನಿಯ ಸವಿಗೆ ದೇವರೇ ಜಂಗಮನಾಗಿ ಬಂದನೆಂದರೆ ನಾನು ನಂಬುವೆನು. ತಿಂಗಳುಗಟ್ಟಲೆ ಕೆಡದ ಖಡಕ್ ರೊಟ್ಟಿಯೂ, ಬೆಳ್ಳುಳ್ಳಿ ಮತ್ತು ಕೆಂಪು ಖಾರ ಹಾಕಿ ಎಣ್ಣೆ ಬಿಡುವವರೆಗೆ ಒರಳಿನಲ್ಲಿ ಕುಟ್ಟಿದ ಶೇಂಗಾ ಹಿಂಡಿಯೂ ನಿಮ್ಮ ಅಜ್ಜಿಯರ ಕಟ್ಟುಗಳಲ್ಲಿ ವಿಮಾನವೇರಿ ಆಗಲೇ ನಿಮ್ಮ ಮನೆ ಸೇರಿರಬಹುದು. ಆಗ್ನೇಯಕ್ಕೆ ಭೋಸಲೆ ಅರಸರ ಹಳೆಯ ಸಂಸ್ಥಾನವಾದ ಅಕ್ಕಲಕೋಟೆಯಿದೆ. 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ಆ ಕ್ಷೇತ್ರದಲ್ಲಿ ಅನ್ನಛತ್ರದ ಪಂಕ್ತಿಯಲ್ಲಿ ಕುಳಿತರೆ ಒಂದು ಕಿವಿಗೆ ಮರಾಠಿ, ಇನ್ನೊಂದು ಕಿವಿಗೆ ಕನ್ನಡ.

ಸೀತೆನಿಯೂ ನಂದಿಕೋಲೂ ಒಟ್ಟಿಗೆ ದೊರಕುವುದು ಜನವರಿಯ ನಡುವೆ ಮಾತ್ರ; ನಿಮ್ಮ ಶಾಲೆಯ ರಜೆ ಅದಕ್ಕೆ ಮುಂಚೆಯೇ ಮುಗಿಯುವುದಾದರೆ, ಇನ್ನೆರಡು ವಾರಗಳ ಬಿಡುವಿಗಾಗಿ ಗುರುಗಳನ್ನು ಒಪ್ಪಿಸುವ ಕೆಲಸವನ್ನು ನಿಮ್ಮ ತಂದೆತಾಯಿಗಳಿಗೆ ವಹಿಸಿರಿ.