ತಮ್ಮವರಲ್ಲದವರ ಮತ ಬೇಡಿದ ವಕೀಲರು: ಜೋಕಿಂ ಆಳ್ವ

ರೋಣ, ನರಗುಂದ, ಗಜೇಂದ್ರಗಡದ ಎರೆಹೊಲಗಳಲ್ಲಿ ಬೆಳೆದ ಜವಾರಿ ಹತ್ತಿಗೆ ಒಂದು ಕಾಲದಲ್ಲಿ ಮುಂಬಯಿಯ ಪೇಟೆಯಲ್ಲಿ ಕುಮಟಾ ಹತ್ತಿ ಎಂಬ ಹೆಸರಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲವೆಂಬುದು ನಮ್ಮ ರೈತರಿಗೆಲ್ಲ ತಿಳಿದ ಮಾತೇ. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ, ಬೆಳೆದವರ ಊರಿನ ಹೆಸರು ಮರೆಯಾಗಿ ಸಾಗಿಸಿದ ಬಂದರಿನ ಹೆಸರೇ ಉಳಿದುಕೊಂಡಿತು. ಆ ಕರಾವಳಿಯೂ ನಮ್ಮ ಈ ಬಯಲುಸೀಮೆಯೂ 1956ರ ಅಕ್ಟೋಬರ್ ಕೊನೆಯ ದಿನದವರೆಗೆ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಆ ಕರಾವಳಿಯ ಜನರಿಂದ ಮೂರು ಬಾರಿ ಲೋಕಸಭೆಗೆ ಆರಿಸಿಹೋದ ಕಥೋಲಿಕ ವಕೀಲರೊಬ್ಬರ ಜೀವನವನ್ನು ಈ ವಾರ ನೆನೆಯಬಯಸುತ್ತೇವೆ.

ಇದಕ್ಕೊಂದು ಕಾರಣವಿದೆ. ಚುನಾವಣೆ ಹತ್ತಿರವಾದಾಗಲೆಲ್ಲ, ಭಾನುವಾರದ ಪೂಜೆ ಮುಗಿದು ಜನ ದೇವಾಲಯದ ಅಂಗಳದಲ್ಲಿ ನಿಂತಿರುವಾಗ, ಒಂದು ಪ್ರಶ್ನೆ ನಮ್ಮ ಕಿವಿಗೆ ಬೀಳುತ್ತದೆ. ಈ ಸೀಮೆಯಲ್ಲಿ ನಾವಿರುವುದೇ ಕೆಲವೇ ಮನೆಗಳು. ನಮ್ಮ ಮತದಿಂದ ಯಾರು ಗೆಲ್ಲುತ್ತಾರೆ, ಯಾರು ಸೋಲುತ್ತಾರೆ? ನಮ್ಮವನೊಬ್ಬ ನಿಂತರೂ ಅವನಿಗೆ ಮತ ಹಾಕುವವರು ಯಾರು? ಕೇಳುವವರ ದನಿಯಲ್ಲಿ ನಿರಾಶೆಗಿಂತ ಹೆಚ್ಚಾಗಿ ಒಂದು ಬಗೆಯ ನಿರಾಳವೇ ಇರುತ್ತದೆಂದು ನಮಗೆ ಎಷ್ಟೋ ಸಲ ಅನ್ನಿಸಿದೆ. ಲೆಕ್ಕದಲ್ಲಿಲ್ಲದವನಿಗೆ ಹೊಣೆಯೂ ಇರುವುದಿಲ್ಲವಷ್ಟೆ!

ಜೋಕಿಂ ಆಳ್ವ ಅವರು 1907ರ ಜನವರಿ 21ರಂದು ಉಡುಪಿಯ ಹತ್ತಿರದ ಬೆಳ್ಳೆಯಲ್ಲಿ ಜನಿಸಿದರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಯೇಸುಸಭೆಯ ಗುರುಗಳ ಕೈಕೆಳಗೆ ಕಲಿತು, ಆ ಕಾಲದ ಕರಾವಳಿಯ ತರುಣರಂತೆ ಮುಂಬಯಿಗೆ ತೆರಳಿದರು. ಓದುಬರಹ ಬಲ್ಲ ಮಂಗಳೂರು ಕಥೋಲಿಕನಿಗೆ ಆ ಮಹಾನಗರದಲ್ಲಿ ಕಚೇರಿಯ ಕೆಲಸವೊಂದು ಸಿಗುವುದು ಕಷ್ಟವಾಗಿರಲಿಲ್ಲ. ತಿಂಗಳ ಸಂಬಳ, ಊರಿಗೆ ಮನಿಯಾರ್ಡರು, ನಿವೃತ್ತಿಯ ನಂತರ ಊರಿನಲ್ಲೊಂದು ಹೆಂಚಿನ ಮನೆ: ಇಷ್ಟು ದೊರೆತರೆ ಹಿರಿಯರ ಆಶೀರ್ವಾದವೆಲ್ಲ ಫಲಿಸಿದಂತೆ. ಆಳ್ವರು ಕಾನೂನು ಓದಿ ವಕೀಲರಾದರು. ವಕೀಲಿಯ ಜೊತೆಗೆ ಸ್ವಾತಂತ್ರ್ಯದ ಚಳವಳಿಯನ್ನೂ ಕೈಗೆತ್ತಿಕೊಂಡರು.

ಅಂದಿನ ಕ್ರೈಸ್ತ ಮನೆಗಳಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಆಳುವವರು ಕ್ರೈಸ್ತರು, ಅವರು ಹೋದರೆ ನಮ್ಮ ಗತಿಯೇನೆಂಬ ಅಳುಕು ನಮ್ಮ ಹಿರಿಯರಲ್ಲಿ ಅನೇಕರಿಗಿತ್ತು. ಆ ಅಳುಕನ್ನು ಹೇಡಿತನವೆಂದು ಜರೆಯುವುದು ಸುಲಭ. ಆದರೆ ಅಲ್ಪಸಂಖ್ಯಾತನ ಭಯವನ್ನು ಬಹುಸಂಖ್ಯಾತನ ಧೈರ್ಯದಿಂದ ಅಳೆಯುವುದು ನ್ಯಾಯವಲ್ಲ. ಹಾಗೆಂದು ಅಂಜದವರು ಇರಲೇ ಇಲ್ಲವೆಂದಲ್ಲ. 1916ರಲ್ಲಿ ಲೋಕಮಾನ್ಯ ತಿಲಕರು ನಮ್ಮ ಬೆಳಗಾವಿಯಲ್ಲಿ ಹೋಂ ರೂಲ್ ಲೀಗನ್ನು ಸ್ಥಾಪಿಸಿದಾಗ ಅದರ ಅಧ್ಯಕ್ಷರಾದವರು ಮುಂಬಯಿಯ ಕಥೋಲಿಕ ವಕೀಲರಾದ ಜೋಸೆಫ್ ಬ್ಯಾಪ್ಟಿಸ್ಟಾ. ಜನ ಅವರನ್ನು ಪ್ರೀತಿಯಿಂದ ಕಾಕಾ ಎಂದು ಕರೆಯುತ್ತಿದ್ದರು. ಆ ಕಾಕಾ 1930ರಲ್ಲಿ ತೀರಿಕೊಂಡರು. ಅವರು ತೆರೆದ ಹಾದಿಯಲ್ಲಿ ಮುಂದೆ ಸಾಗಿದವರಲ್ಲಿ ಆಳ್ವರು ಒಬ್ಬರು.

1928ರಲ್ಲಿ ಮುಂಬಯಿಯ ತರುಣರು ಯೂತ್ ಲೀಗ್ ಎಂಬ ಸಂಘಟನೆಯನ್ನು ಕಟ್ಟಿದಾಗ ಯೂಸುಫ್ ಮೆಹರಲಿ ಮೊದಲಾದವರೊಂದಿಗೆ ಆಳ್ವರೂ ಇದ್ದರು. ಕ್ರೈಸ್ತರನ್ನು ರಾಷ್ಟ್ರೀಯ ಹೋರಾಟಕ್ಕೆ ಕರೆತರುವುದಕ್ಕಾಗಿಯೇ ನ್ಯಾಷನಲಿಸ್ಟ್ ಕ್ರಿಶ್ಚಿಯನ್ ಪಾರ್ಟಿಯನ್ನು ಆರಂಭಿಸಿದರು. 1937ರಲ್ಲಿ ಅವರು ಮುಂಬಯಿಯಲ್ಲಿ ಕರೆದ ಕ್ರೈಸ್ತರ ದೊಡ್ಡ ಸಭೆಯಲ್ಲಿ ಜವಾಹರಲಾಲ್ ನೆಹರೂ ಮಾತನಾಡಿದರು. ಸೆರೆಮನೆಯೂ ತಪ್ಪಲಿಲ್ಲ.

ಅದೇ 1937ರಲ್ಲಿ ಅವರು ವಯೊಲೆಟ್ ಹರಿ ಅವರ ಕೈಹಿಡಿದರು. ವಯೊಲೆಟ್ ಅವರು ಅಹಮದಾಬಾದಿನವರು, ಗುಜರಾತಿ ಮಾತೃಭಾಷೆಯವರು. ತಂದೆ ರೆವರೆಂಡ್ ಲಕ್ಷ್ಮಣ ಹರಿ ಆಂಗ್ಲಿಕನ್ ಸಭೆಯ ಪಾದ್ರಿಗಳಾಗಿದ್ದರು. ಹದಿನಾರರ ಹರೆಯದಲ್ಲೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಹುಡುಗಿ ಮುಂಬಯಿಯಲ್ಲಿ ಓದಿ ಇಂಗ್ಲಿಷ್ ಅಧ್ಯಾಪಕಿಯಾಗಿ, ವಕೀಲೆಯೂ ಆದರು. ಭಾಷೆ ಬೇರೆ, ಸೀಮೆ ಬೇರೆ, ಸಭೆಯೂ ಬೇರೆ. ಎರಡನೆಯ ವ್ಯಾಟಿಕನ್ ಮಹಾಸಭೆಗೆ ಕಾಲು ಶತಮಾನ ಮೊದಲು ಅಂಥ ಮದುವೆಗೆ ಎಷ್ಟು ಬಾಗಿಲುಗಳನ್ನು ತಟ್ಟಬೇಕಾಗುತ್ತಿತ್ತೆಂಬುದು ನಮ್ಮಂಥ ಗುರುಗಳಿಗೆ ಗೊತ್ತು. ದಂಪತಿಗಳು ಜೊತೆಯಾಗಿಯೇ ವಕೀಲಿ ನಡೆಸಿದರು. 1943ರಲ್ಲಿ ವಯೊಲೆಟ್ ಅವರೂ ಬಂಧಿತರಾದಾಗ ಐದು ತಿಂಗಳ ಕೂಸು ನಿರಂಜನನನ್ನು ಎತ್ತಿಕೊಂಡೇ ಮುಂಬಯಿಯ ಆರ್ಥರ್ ರೋಡ್ ಸೆರೆಮನೆಯನ್ನು ಸೇರಿದರು. ಅದೇ ವರ್ಷ ಆಳ್ವರು ಫೋರಂ ಎಂಬ ಇಂಗ್ಲಿಷ್ ವಾರಪತ್ರಿಕೆಯನ್ನು ಪ್ರಾರಂಭಿಸಿದರು. ಮರುವರ್ಷ ವಯೊಲೆಟ್ ಅವರು ಹೈಕೋರ್ಟಿನ ಪೂರ್ಣಪೀಠದ ಮುಂದೆ ವಾದಿಸಿದ ದೇಶದ ಪ್ರಥಮ ಮಹಿಳಾ ವಕೀಲರೆನಿಸಿದರು.

ಇನ್ನು ನಮ್ಮ ಅಂಗಳದ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಸಂಗತಿಗೆ ಬರೋಣ. ಬ್ರಿಟಿಷರು 1935ರಲ್ಲಿ ಮಾಡಿದ ಕಾಯಿದೆಯಲ್ಲಿ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಕ್ಷೇತ್ರಗಳಿದ್ದವು. ಮುಂಬಯಿ ವಿಧಾನಸಭೆಯ 175 ಸ್ಥಾನಗಳಲ್ಲಿ ಮೂರು ಕ್ರೈಸ್ತರವು. ಅವುಗಳಿಗೆ ನಿಲ್ಲುವವನು ಕ್ರೈಸ್ತ, ಮತ ಹಾಕುವವರೂ ಕ್ರೈಸ್ತರೇ. ನಿಂತವನು ನೆರೆಯ ಲಿಂಗಾಯತ ರೈತನ ಮನೆಗೋ ಮುಸಲ್ಮಾನ ನೇಕಾರನ ಮನೆಗೋ ಹೋಗಿ ಕೈಮುಗಿಯಬೇಕಾದ ಅಗತ್ಯವೇ ಇರಲಿಲ್ಲ. ಸ್ವಾತಂತ್ರ್ಯಾನಂತರ ಸಂವಿಧಾನ ಸಭೆಯು ಪ್ರತ್ಯೇಕ ಕ್ಷೇತ್ರಗಳನ್ನು ಕೈಬಿಟ್ಟಿತು. ಧರ್ಮದ ಆಧಾರದ ಮೀಸಲು ಸ್ಥಾನಗಳನ್ನೂ 1949ರಲ್ಲಿ ಕೈಬಿಟ್ಟಿತು. ಅಲ್ಪಸಂಖ್ಯಾತರ ವಿಷಯವನ್ನು ಪರಿಶೀಲಿಸಿದ ಅದರ ಸಮಿತಿಯೊಂದಕ್ಕೆ ಅಧ್ಯಕ್ಷರಾಗಿದ್ದವರು ಬಂಗಾಳದ ಕ್ರೈಸ್ತರಾದ ಹರೇಂದ್ರ ಕುಮಾರ ಮುಖರ್ಜಿ ಎಂಬುದು ಗಮನಾರ್ಹ.

ಅದು ಲಾಭವೋ ನಷ್ಟವೋ ಎಂದು ಇಂದಿಗೂ ವಾದಿಸುವವರಿದ್ದಾರೆ. ನಮ್ಮ ಅಭಿಪ್ರಾಯ ಹೀಗಿದೆ. ಕಾನೂನು ಸರ್ವಹಿತವನ್ನು ಗುರಿಯಾಗಿಟ್ಟುಕೊಂಡ ವಿವೇಕದ ವಿಧಿ ಎಂದು ಸಂತ ತೋಮಸ್ ಅಕ್ವಿನಾಸರು ವಿವರಿಸಿದ್ದನ್ನು ಗುರುಮಠದಲ್ಲಿ ನಾವು ಕಲಿತೆವು. ಹಾಗಾದರೆ ಕಾನೂನು ಮಾಡುವ ಸಭೆಯಲ್ಲಿ ಕುಳಿತವನು ತನ್ನ ಪಾಲನ್ನು ಕೇಳಲು ಬಂದ ದಾಯಾದಿಯಂತೆ ಇರಲಾಗದು. ಇಡೀ ಮನೆಯ ಹೊಣೆ ಹೊತ್ತ ಹಿರಿಯಣ್ಣನಂತಿರಬೇಕು. ಆದರೆ ಮೂರು ಸ್ಥಾನಗಳೂ ಹೋದ ಮೇಲೆ ಆ ಸಭೆಯ ಬಾಗಿಲಾದರೂ ನಮ್ಮವರಿಗೆ ತೆರೆಯುತ್ತದೆಯೇ ಎಂಬುದನ್ನು ಯಾವ ಗ್ರಂಥವೂ ಹೇಳಲಾರದು. ಯಾರಾದರೂ ನಿಂತೇ ನೋಡಬೇಕಿತ್ತು.

1949ರಲ್ಲಿ ಮುಂಬಯಿಯ ಶೆರೀಫರಾಗಿ, 1950ರಲ್ಲಿ ಹಂಗಾಮಿ ಸಂಸತ್ತಿನ ಸದಸ್ಯರಾಗಿದ್ದ ಆಳ್ವರು ಪ್ರಥಮ ಮಹಾಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತದ್ದು ಮುಂಬಯಿ ಪ್ರಾಂತದ ಕೆನರಾ ಕ್ಷೇತ್ರದಿಂದ, ಅಂದರೆ ಇಂದಿನ ಉತ್ತರ ಕನ್ನಡದಿಂದ. ಅವರು ಹುಟ್ಟಿದ ಬೆಳ್ಳೆ ಆಗ ಮದರಾಸು ರಾಜ್ಯದಲ್ಲಿತ್ತು; ಬದುಕು ಕಟ್ಟಿಕೊಂಡದ್ದು ಮುಂಬಯಿಯಲ್ಲಿ. ಕಾರವಾರದವರಿಗೂ ಶಿರಸಿಯವರಿಗೂ ಅವರು ಹೊರಗಿನವರೇ. ಹೊರಗಿನ ಅಭ್ಯರ್ಥಿಯನ್ನು ತಂದು ನಿಲ್ಲಿಸುವ ಪದ್ಧತಿ ಈಚಿನದೆಂದು ಗೊಣಗುವವರು ಇದನ್ನು ಗಮನಿಸಬೇಕು.

ಆ ಜಿಲ್ಲೆಯನ್ನು ಕಂಡವರಿಗೆ ಅಲ್ಲಿ ಮತಯಾಚನೆಯೆಂದರೆ ಏನೆಂದು ತಿಳಿದೀತು. ನಮ್ಮ ನರಗುಂದದ ಗುಡ್ಡ ಹತ್ತಿ ನಿಂತರೆ ಸುತ್ತಲಿನ ಬಯಲೆಲ್ಲ ಒಂದೇ ನೋಟಕ್ಕೆ ಕಾಣುತ್ತದೆ. ಅಲ್ಲಿ ಹಾಗಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಕರಾವಳಿಯನ್ನು ತುಂಡುತುಂಡು ಮಾಡಿವೆ. ಮೇಲೆ ಘಟ್ಟ, ಅದರಾಚೆ ಯಲ್ಲಾಪುರ ಸೂಪಾಗಳ ಕಾಡು. ಮತದಾರರೋ ತೋಟದ ಹವ್ಯಕರು, ಗದ್ದೆಯ ಹಾಲಕ್ಕಿಗಳು, ನಾಮಧಾರಿಗಳು, ಭಟ್ಕಳದ ನವಾಯತರು, ಮೀನುಗಾರರು, ಕಾಡಂಚಿನ ಸಿದ್ದಿಗಳು. ಕಥೋಲಿಕರು ಇದ್ದರು, ಆದರೆ ಅವರ ಮತಗಳಿಂದ ಲೋಕಸಭೆಯ ಸ್ಥಾನ ಗೆಲ್ಲುವ ಮಾತೇ ಇರಲಿಲ್ಲ. ಇದೇ ಜಿಲ್ಲೆಯ ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಕರನಿರಾಕರಣೆ ಮಾಡಿ ಹೊಲಮನೆ ಕಳೆದುಕೊಂಡ ಕುಟುಂಬಗಳು ಅಂಕೋಲೆ ಸಿದ್ದಾಪುರಗಳ ಕಡೆ ಇದ್ದವು. ಅಂಥವರ ಮುಂದೆ ನಿಂತು ಮತ ಕೇಳುವವನಿಗೆ ಹೋರಾಟದ ಸೆರೆವಾಸವೇ ದೊಡ್ಡ ಪರಿಚಯಪತ್ರ. ಆಳ್ವರಲ್ಲಿ ಅದಿತ್ತು.

ಆ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಬೇರೆಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಆತನ ಚಿಹ್ನೆ. ಮತಪತ್ರದ ಮೇಲೆ ಗುರುತು ಹಾಕುವ ಕೆಲಸವಿರಲಿಲ್ಲ, ಮೆಚ್ಚಿದ ಪೆಟ್ಟಿಗೆಯೊಳಗೆ ಇಳಿಬಿಟ್ಟರೆ ಮುಗಿಯಿತು. ದೇಶದಲ್ಲಿ ನೂರಕ್ಕೆ ಹದಿನೆಂಟು ಮಂದಿಗೆ ಮಾತ್ರ ಅಕ್ಷರ ಬರುತ್ತಿದ್ದ ಕಾಲವದು. ಜೋಕಿಂ ಎಂಬ ಹೆಸರನ್ನು ಓದಲಾರದ ಎಷ್ಟೋ ಮಂದಿ ನೊಗ ಹೊತ್ತ ಜೋಡೆತ್ತಿನ ಪೆಟ್ಟಿಗೆಯನ್ನು ಹುಡುಕಿ ಮತ ಹಾಕಿದರು. ಗೆದ್ದದ್ದು ಎತ್ತುಗಳೇ, ವಕೀಲರಲ್ಲ ಎಂದು ಹೇಳುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ವಾದಿಸುವುದಿಲ್ಲ. 489 ಸ್ಥಾನಗಳಲ್ಲಿ ಕಾಂಗ್ರೆಸ್ 364ನ್ನು ಗೆದ್ದ ಗಾಳಿ ಅದು. ಆದರೂ ಆ ಎತ್ತುಗಳ ಹಿಂದಿರುವವನು ಕಿರಿಸ್ತಾನನೆಂಬುದು ಮತದಾರರಿಗೆ ಗುಟ್ಟಾಗಿರಲಿಲ್ಲ. ಪಕ್ಷವೂ ಅದನ್ನು ಅಡ್ಡಿಯೆಂದು ಬಗೆಯಲಿಲ್ಲ, ಜನರೂ ಬಗೆಯಲಿಲ್ಲ.

ಹೀಗೆ 1952ರಲ್ಲಿ ಆಳ್ವರು ಲೋಕಸಭೆಗೂ, ವಯೊಲೆಟ್ ಅವರು ರಾಜ್ಯಸಭೆಗೂ ಹೋಗಿ ಸಂಸತ್ತಿನ ಮೊದಲ ದಂಪತಿಗಳೆಂದು ಹೆಸರಾದರು. ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು ಅದರ ಮರುವರ್ಷ. ಏಕೀಕರಣದ ಕೂಗು ಆಗ ಬಲವಾಗುತ್ತಿತ್ತು. ನಮ್ಮ ರೋಣ ತಾಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರ ಹೆಸರನ್ನು ಈ ಸಂದರ್ಭದಲ್ಲಿ ಮರೆಯುವಂತಿಲ್ಲ. 1956ರ ನವೆಂಬರ್ 1ರಂದು ರೋಣ ನರಗುಂದಗಳೂ ಕಾರವಾರ ಕುಮಟೆಗಳೂ ಒಟ್ಟಿಗೇ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದವು. ಮುಂಬಯಿಯ ವಕೀಲರು ಈಗ ಕನ್ನಡ ನಾಡಿನ ಸಂಸದರು. 1957ರಲ್ಲಿ ಜನ ಅವರನ್ನು ಮತ್ತೆ ಆರಿಸಿದರು.

ಆ ಎರಡನೆಯ ಗೆಲುವು ಮೊದಲನೆಯದಕ್ಕಿಂತ ಹೆಚ್ಚಿನದೆಂದು ನಾವು ತಿಳಿಯುತ್ತೇವೆ. ಜಿಲ್ಲೆಯ ಉತ್ತರದ ಗಡಿಯಾಚೆ ಗೋವೆ. ಅಲ್ಲಿ ಪೋರ್ತುಗೀಜರು ಇನ್ನೂ ಬಿಡಾರ ಕಿತ್ತಿರಲಿಲ್ಲ. 1955ರ ಗೋವಾ ಸತ್ಯಾಗ್ರಹದಲ್ಲಿ ಗುಂಡೇಟಿಗೆ ಸಿಕ್ಕಿ ಜನ ಸತ್ತಿದ್ದರು. ಅಂಥ ಹೊತ್ತಿನಲ್ಲಿ, ಗೋವೆಯಿಂದ ವಲಸೆ ಬಂದ ಪೂರ್ವಜರಿರುವ ಸಮುದಾಯದ ಕಥೋಲಿಕನೊಬ್ಬನನ್ನು ಆ ಗಡಿಯ ಜನ ಸಂಶಯಿಸಬಹುದಿತ್ತು. ಸಂಶಯಿಸಲಿಲ್ಲ. 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾಗಿ ಎರಡು ತಿಂಗಳು ಕಳೆದ ಮೇಲೆ, 1962ರ ಫೆಬ್ರವರಿಯಲ್ಲಿ, ಮೂರನೆಯ ಬಾರಿಯೂ ಅವರನ್ನೇ ಕಳುಹಿಸಿದರು. ಆ ವರ್ಷವೇ ವಯೊಲೆಟ್ ಅವರು ರಾಜ್ಯಸಭೆಯ ಉಪಸಭಾಪತಿಯಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು.

1967ರಲ್ಲಿ ಗಾಳಿ ಬದಲಾಯಿತು. ಕೆನರಾ ಕ್ಷೇತ್ರದಿಂದ ಗೆದ್ದವರು ಅಂಕೋಲೆಯ ಮಣ್ಣಿನ ಮಗ, ರೈತ ಹೋರಾಟಗಾರ, ಚುಟುಕು ಕವಿ ದಿನಕರ ದೇಸಾಯಿ. ಅವರೂ ಕಾನೂನು ಓದಿದವರೇ, ಪಕ್ಷೇತರರಾಗಿ ನಿಂತವರು. ಜೋಡೆತ್ತಿನ ಆಸರೆಯಿಲ್ಲದೆ ಗೆದ್ದ ಅವರ ಮುಂದೆ ಆಳ್ವರ ಗೆಲುವುಗಳು ಸ್ವಲ್ಪ ಮಂಕಾಗಿ ಕಂಡರೆ ಅದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಆಳ್ವರು 1968ರಲ್ಲಿ ನಾಮಕರಣ ಸದಸ್ಯರಾಗಿ ರಾಜ್ಯಸಭೆಗೆ ಬಂದರು. ಈಗ ಪತಿ ಸದನದಲ್ಲಿ, ಪತ್ನಿ ಅದೇ ಸದನದ ಉಪಸಭಾಪತಿ.

ಅದು ಹೆಚ್ಚು ಕಾಲ ನಡೆಯಲಿಲ್ಲ. 1969ರಲ್ಲಿ ಉಪರಾಷ್ಟ್ರಪತಿಯ ಸ್ಥಾನಕ್ಕೆ ವಯೊಲೆಟ್ ಅವರ ಹೆಸರು ಕೇಳಿಬಂದರೂ ಪ್ರಧಾನಿ ಇಂದಿರಾ ಗಾಂಧಿಯವರ ಬೆಂಬಲ ದೊರೆಯಲಿಲ್ಲ. ನವೆಂಬರಿನಲ್ಲಿ ಅವರು ಪದವಿಗೆ ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ, ಆ ತಿಂಗಳ 20ರಂದು, ನಿಧನರಾದರು. ಆಳ್ವರು 1974ರವರೆಗೆ ಸದಸ್ಯರಾಗಿ ಮುಂದುವರಿದು 1979ರ ಜೂನ್ 28ರಂದು ಕಣ್ಮುಚ್ಚಿದರು. 2008ರಲ್ಲಿ ಅಂಚೆ ಇಲಾಖೆ ಹೊರತಂದ ಸ್ಮರಣೆಯ ಚೀಟಿಯಲ್ಲಿ ಇಬ್ಬರೂ ಜೊತೆಯಲ್ಲಿದ್ದಾರೆ.

ಆರ್ಥರ್ ರೋಡ್ ಸೆರೆಮನೆಯಲ್ಲಿ ತಾಯಿಯ ಮಡಿಲಲ್ಲಿದ್ದ ಕೂಸು ನಿರಂಜನ ಮುಂದೆ ವರಿಸಿದ್ದು ಮಂಗಳೂರಿನ ವಕೀಲೆ ಮಾರ್ಗರೆಟ್ ಅವರನ್ನು. ಮಾವನ ಅವಧಿ ಮುಗಿದ 1974ರಲ್ಲೇ ಸೊಸೆ ರಾಜ್ಯಸಭೆಯನ್ನು ಪ್ರವೇಶಿಸಿದರು. 1999ರಲ್ಲಿ ಮಾವ ನಿಂತಿದ್ದ ಅದೇ ಉತ್ತರ ಕನ್ನಡದಲ್ಲಿ ನಿಂತು ಗೆದ್ದರು. 2004ರಲ್ಲಿ ಅಲ್ಲಿಯ ಜನರೇ ಅವರನ್ನು ಸೋಲಿಸಿದರು. ಅತ್ತೆಗೆ ಸ್ಪರ್ಧಿಸಲೂ ಸಿಗದಿದ್ದ ಉಪರಾಷ್ಟ್ರಪತಿಯ ಸ್ಥಾನಕ್ಕೆ 2022ರಲ್ಲಿ ವಿರೋಧ ಪಕ್ಷಗಳ ಅಭ್ಯರ್ಥಿಯಾಗಿ, ಗೆಲ್ಲುವ ಸಂಖ್ಯೆಯಿಲ್ಲವೆಂದು ತಿಳಿದೂ, ಎಂಬತ್ತರ ವಯಸ್ಸಿನಲ್ಲಿ ನಿಂತರು.